ಕೆಳಗಿನ ಕಿಡಿ

ನವೆಂಬರ್ ೯, ಭಾನುವಾರ. ಕುರೆ.

ಮಗಳು ಮಿಸುಜುವಿನ ಮಾತು ಇನ್ನೂ ಕಿವಿಯಲ್ಲೇ ಇದೆ. ನಮ್ಮ ಹಳೆಯ ರೋಟರಿ ಎಂಜಿನ್ನಿನ ಕಾರು ವೇಗ ಹೆಚ್ಚಿದಾಗಲೆಲ್ಲ ತೊದಲುತ್ತಿತ್ತು. ಮೇಲೆರಡು, ಕೆಳಗೆರಡು ಇರುವ ನಾಲ್ಕು ಸ್ಪಾರ್ಕ್ ಪ್ಲಗ್ಗಿಗೂ ಕಿಡಿಗೆ ವಿದ್ಯುತ್ ಕೊಡುವ ಹೊಸ ಕಾಯಿಲ್ ಬೇಕೇ ಬೇಕೆಂದು ನಾನು ಹಟ ಹಿಡಿದಿದ್ದೆ.

"ಅಪ್ಪ, ದುಡಿಯೋದೆಲ್ಲ ಕೆಳಗಿನ ಜೋಡಿ. ಗಟ್ಟಿ ಕಾಯಿಲ್ ಅದಕ್ಕೆ ಹಾಕಿದ್ರೆ ಸಾಕು. ಮೇಲಿನ ಜೋಡಿ ನಿನ್ ಥರ, ತಡವಾಗಿ ಹೊತ್ತಿಕೊಳ್ಳುತ್ತೆ," ಎಂದಳು ಮಗಳು.

ಸಿಟ್ಟು ಬಂತು. ಆದರೂ ಅವಳು ಹೇಳಿದಂತೆಯೇ ಮಾಡಿದೆವು. ಇಂದು ಗುಡ್ಡದ ರಸ್ತೆಯಲ್ಲಿ ಅವಳೇ ಓಡಿಸಿದಳು. ಎಂಜಿನ್ ಒಮ್ಮೆಯೂ ತೊದಲಲಿಲ್ಲ. ಪಕ್ಕದಲ್ಲಿ ಕೂತು ತಪ್ಪು ಹುಡುಕಿದೆ, ಸಿಗಲಿಲ್ಲ.

ಸಂಜೆ ತಣ್ಣಗಾಗಿದ್ದ ಕಾರನ್ನು ತೊಳೆದು, ಸ್ಟಾರ್ಟ್ ಮಾಡಿ, ರಸ್ತೆಯಿಂದ ನಾಲ್ಕು ಮಾರು ಅಂಗಳದೊಳಗೆ ತಂದು ನಿಲ್ಲಿಸಿದಳು. ಎಂಜಿನ್ ಮಾತ್ರ ಆರಿಸಲಿಲ್ಲ.

"ಯಾಕಮ್ಮ ಸುಮ್ನೆ ಪೆಟ್ರೋಲ್ ಸುಡ್ತೀಯ?" ಎಂದ ಪಕ್ಕದ ಮನೆಯ ಓಕಿತಾ.

"ಬಿಸಿಯಾಗೋಕೆ ಮುಂಚೆ ಆರಿಸಿದ್ರೆ ಪ್ಲಗ್ಗು ಪೆಟ್ರೋಲಲ್ಲಿ ನೆನೆಯುತ್ತೆ ಮಾವ. ಆಮೇಲೆ ಸ್ಟಾರ್ಟೇ ಆಗಲ್ಲ."

ಇದನ್ನು ನಾನು ಕಲಿಸಿದ ನೆನಪಿಲ್ಲ. ನನ್ನನ್ನು ನೋಡುತ್ತಲೇ ಬೆಳೆದವಳು.

ಬಿಸಿಯಾದ ಮೇಲೆ ಎಂಜಿನ್ ಆರಿಸಿ, ಕೀಲಿಯನ್ನು ನನ್ನತ್ತ ಚಾಚಿದಳು. "ನಿನ್ ಹತ್ರಾನೇ ಇರ್ಲಿ," ಎಂದೆ. ಮಗಳು ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಆಗಲೇ ತೊಳೆದಿದ್ದ ಕಾರನ್ನು ಮತ್ತೆ ಒರೆಸತೊಡಗಿದಳು.

ಶಹಬ್ಬಾಸ್ ಎನ್ನಲು ಬಾಯಿ ಬರಲಿಲ್ಲ. ನಾಳೆ ಹೇಳುತ್ತೇನೆ. ಮೇಲಿನ ಪ್ಲಗ್ಗು ತಾನೇ ನಾನು.