ಬೆಳಗಿನ ತಮಾಷೆಗೂ ಒಂದು ಕಾಯ್ದೆ ಬೇಕು

ಕಾರ್ಮಿಕರ ಕಾಯ್ದೆಗಳನ್ನು ಬರೆಯುವ, ತಿದ್ದುವ ಮಾನ್ಯರೇ,

ಕೆಲಸದ ಜಾಗದಲ್ಲಿ ಒಬ್ಬರನ್ನು ದಿನಾ ಎಲ್ಲರೆದುರು ನಿಲ್ಲಿಸಿ ನಗೆಪಾಟಲು ಮಾಡಿದರೆ ಅದು ಯಾವ ಕಾಯ್ದೆಯಡಿ ತಪ್ಪು? ಯಾವುದರಡಿಯೂ ಅಲ್ಲವಂತೆ. ಹಾಗೆಂದು ತಮ್ಮ ಕೈಕೆಳಗಿನ ಅಧಿಕಾರಿಯೊಬ್ಬರು ಕುರ್ಚಿ ಕೊಟ್ಟು, ಟೀ ತರಿಸಿ, ಬಹಳ ಮರ್ಯಾದೆಯಿಂದಲೇ ತಿಳಿಸಿದರು. ಆದ್ದರಿಂದ ಅವರ ಮೇಲೆ ನನ್ನ ದೂರಿಲ್ಲ. ದೂರಿರುವುದು ತಮ್ಮ ಕಾಯ್ದೆ ಪುಸ್ತಕದ ಮೇಲೆ.

ನಾನು ಚೈತ್ರ. ತವರು ಬನ್ನೂರು, ಸೇರಿದ ಮನೆ ತಾಂಡವಪುರ. ನಂಜನಗೂಡಿನ ಒಂದು ಮಸಾಲೆ ಪುಡಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ನಮ್ಮ ಕಡೆಯವರ ನಾಲಿಗೆಗೂ ‘ಹ’ ಅಕ್ಷರಕ್ಕೂ ಮೊದಲಿನಿಂದ ಅಷ್ಟಕ್ಕಷ್ಟೆ. ಬರೆಯುವಾಗ ‘ಹಳ್ಳಿ’ ಎಂದೇ ಬರೆಯುತ್ತೇವೆ, ಬಾಯಿ ತೆರೆದರೆ ‘ಅಳ್ಳಿ’. ಇದರಿಂದ ಇದುವರೆಗೆ ಯಾರ ಬೆಳೆಯೂ ಒಣಗಿಲ್ಲ, ಯಾರ ಮದುವೆಯೂ ಮುರಿದಿಲ್ಲ.

ಹೋದ ವರ್ಷ ನಮಗೆ ಹೊಸ ಮ್ಯಾನೇಜರ್ ಬಂದರು. ಬಂದ ವಾರವೇ ನಾನು ಹೋಗಿ, “ಸಾ, ಮಿಷಿನ್ ಬೆಲ್ಟಿನ ಮುಚ್ಚಳ ಆಳಾಗದೆ, ಒಸದು ಆಕುಸ್ಬೇಕು” ಅಂದೆ.

“ಆಳ ಆಗಿದೆಯಾ? ಎಷ್ಟು ಅಡಿ ಆಳ ಮೇಡಂ? ಬಾವಿ ಏನಾದ್ರೂ ತೋಡಿದ್ರಾ?” ಅಂದರು. ಸುತ್ತ ಇದ್ದವರು ನಕ್ಕರು, ನಾನೂ ನಕ್ಕೆ. ಮುಚ್ಚಳದ ಮಾತು ಆ ನಗುವಿನಲ್ಲೇ ಕಳೆದುಹೋಯಿತು.

ಮಾರನೆಯ ಬೆಳಿಗ್ಗೆ ಅದು ಕಾರ್ಯಕ್ರಮವೇ ಆಯಿತು. ಪಾಳಿಗೆ ಮುಂಚೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸುರಕ್ಷತೆಯ ಬಗ್ಗೆ ಎರಡು ಮಾತು ಹೇಳುವುದು ಪದ್ಧತಿ. ಮ್ಯಾನೇಜರ್ ಸಾಹೇಬರು ನನ್ನನ್ನು ಮುಂದೆ ಕರೆದು, “ಎಲ್ಲಿ, ಹೇಳಿ: ಹಳೇ ಹಂಡೇಲಿ ಹಸುವಿನ ಹಾಲು” ಅಂದರು. ನನ್ನ ಬಾಯಲ್ಲಿ ಆ ಹಂಡೆ ಏನಾಯಿತೆಂದು ತಾವೇ ಊಹಿಸಿಕೊಳ್ಳಿ. ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಪ್ರತಿ ಬೆಳಿಗ್ಗೆ ಅದೇ ಹಂಡೆ, ಅದೇ ಹಾಲು. ಸುರಕ್ಷತೆಯ ಎರಡು ಮಾತಿಗೆ ಹೊತ್ತು ಸಾಲದಾಯಿತು.

ಮನೆಯಲ್ಲಿ ಪಾತ್ರೆ ತೊಳೆಯುತ್ತಾ ‘ಹ’ ಅಭ್ಯಾಸ ಮಾಡಲು ಶುರುಮಾಡಿದೆ. ನಾಲಿಗೆ ಎಷ್ಟು ಗಲಿಬಿಲಿಯಾಯಿತೆಂದರೆ ಒಂದು ಸಂಜೆ ಅಂಗಡಿಯಲ್ಲಿ, “ಎರಡು ಕೆಜಿ ಹಕ್ಕಿ ಕೊಡಿ” ಅಂದುಬಿಟ್ಟೆ. ಅಂಗಡಿಯವರು ಪಾಪ, “ಕೋಳಿ ಅಂಗ್ಡಿ ಆ ಕಡೀಕದೆ ಕಣವ್ವ” ಅಂತ ಕೈ ತೋರಿಸಿದರು. ಇದನ್ನು ಬರೆಯುವಾಗ ನನಗೇ ನಗು ಬರುತ್ತಿದೆ, ತಾವೂ ನಗಬಹುದು. ಆದರೆ ಆ ಸಂಜೆಯಿಂದ ನಾನು ಮಾತಾಡುವುದನ್ನೇ ಕಡಿಮೆ ಮಾಡಿದೆ. ವಿಷಯ ತಿಳಿದ ನಮ್ಮತ್ತೆ ಸಿದ್ದಲಿಂಗಮ್ಮ, “ನೀ ಆಡಿದ್ದು ಅವ್ನಿಗೆ ಗೊತ್ತಾಯ್ತದೆ ತಾನೆ? ಗೊತ್ತಾಗ್ದಿದ್ರೆ ಎಂಗ್ ನಗ್ತಾನೆ?” ಎಂದು ಕೇಳಿದರು. ಈ ಪ್ರಶ್ನೆಯನ್ನು ಹಾಗೇ ತಮಗೆ ದಾಟಿಸುತ್ತಿದ್ದೇನೆ. ಉತ್ತರ ಹೊಳೆಯುತ್ತದೆಯೇ?

ಹೀಗಿರುವಾಗ ಒಂದು ಮಧ್ಯಾಹ್ನ ನನ್ನೆದುರು ಕೆಲಸ ಮಾಡುತ್ತಿದ್ದ ಸಿದ್ದಮಲ್ಲಪ್ಪಣ್ಣ ಬಿದ್ದ ಪ್ಯಾಕೆಟ್ ಎತ್ತಲು ಬಗ್ಗಿದರು. ಕೊರಳಿಗೆ ಸುತ್ತಿದ್ದ ಟವಲಿನ ತುದಿ ಬೆಲ್ಟಿಗೆ ಸಿಕ್ಕಿತು. ಹಾಳಾಗಿದ್ದ ಮುಚ್ಚಳ ಅಷ್ಟರಲ್ಲಿ ಕಳಚಿಯೇ ಬಿದ್ದಿತ್ತಲ್ಲ! ನಾನು ನೋಡಿದೆ, ಬಾಯಿ ತೆರೆದೆ. ಹುಷಾರು ಅನ್ನಬೇಕೋ, ಉಸಾರು ಅನ್ನಬೇಕೋ ಎಂದು ನಾಲಿಗೆ ಅರೆಗಳಿಗೆ ತಡೆಯಿತು.

“ಉಸಾರು! ಟವಲ್ಲು, ಟವಲ್ಲು!” ಎಂದು ಕೊನೆಗೆ ಕಿರುಚಿದೆ. ಯಾರೋ ಸ್ವಿಚ್ ಒತ್ತಿದರು. ಟವಲು ಹರಿಯಿತು, ಕತ್ತು ತರಚಿತು, ಜೀವ ಉಳಿಯಿತು.

ಓಡಿ ಬಂದ ಮ್ಯಾನೇಜರ್ ಮೊದಲು ಆಡಿದ ಮಾತು ಇದು: “ಹುಷಾರು ಅನ್ನಿ ಮೇಡಂ, ‘ಹ’ ಎಲ್ಲಿ ಹೋಯ್ತು?”

ನೆಲದ ಮೇಲೆ ಕೂತಿದ್ದ ಸಿದ್ದಮಲ್ಲಪ್ಪಣ್ಣ ಕತ್ತು ಉಜ್ಜಿಕೊಳ್ಳುತ್ತಾ, “ಸಾ, ಅವ್ಳು ಸುದ್ದವಾಗ್ ಕೂಗನಾ ಅಂತ ನಿಂತಿದ್ರೆ ಈಗ ನನ್ ಕುತ್ಗೆ ಓಗಿರದು” ಅಂದರು. ಅವತ್ತು ಮಾತ್ರ ಯಾರೂ ನಗಲಿಲ್ಲ.

ಮಾರನೆಯ ದಿನವೇ ತಮ್ಮ ಅಧಿಕಾರಿಯನ್ನು ಕಾಣಲು ಹೋದೆ.

“ಸಂಬಳ ಬಾಕಿ ಇದೆಯೇನಮ್ಮ?” “ಇಲ್ಲ ಸಾರ್.”

“ಹೊಡೆದ್ರಾ?” “ಇಲ್ಲ.”

“ಕೆಟ್ಟದಾಗಿ ನಡ್ಕೊಂಡ್ರಾ? ಅಂದ್ರೆ, ಹೆಣ್ಣುಮಕ್ಕಳ ಹತ್ರ...” “ಅಂಥದ್ದೇನಿಲ್ಲ.”

“ಜಾತಿ ಎತ್ತಿ ಬೈದ್ರಾ?” “ಇಲ್ಲ ಸಾರ್.”

ಅವರು ಪೆನ್ನಿಗೆ ಕ್ಯಾಪ್ ಹಾಕಿದರು. “ಮುಚ್ಚಳದ ವಿಷಯ ಬರ್ಕೋತೀನಿ. ಈ ತಮಾಷೆ ವಿಷಯ ಯಾವ ಕಾಯ್ದೆ ಕೆಳಗೆ ಬರ್ಕೊಳ್ಳಲಮ್ಮ? ನೀವೇ ಹೇಳಿ.”

ನೋಡಿ ಮಾನ್ಯರೇ, ಯಂತ್ರದ ಮುಚ್ಚಳಕ್ಕೆ ಕಾಯ್ದೆ ಇದೆ. ಮೈ ಮುಟ್ಟಿದರೆ ಇದೆ, ಜಾತಿ ಹಿಡಿದು ಬೈದರೆ ಇದೆ. ಎಷ್ಟೋ ಜನ ಹೋರಾಡಿ ತಂದ ಕಾಯ್ದೆಗಳು ಅವು, ಇರಲೇಬೇಕು. ಇವೆಲ್ಲದರ ಸಂದಿಯಲ್ಲಿ ಜಾಣತನದಿಂದ ನುಸುಳಿ, ಒಬ್ಬ ಮನುಷ್ಯನನ್ನು ದಿನಕ್ಕಿಷ್ಟು ಎಂದು ತುಳಿಯುವವರಿಗೆ ಏನಿದೆ? ಅವರು ಸಂಬಳದ ದಿನ ತಪ್ಪಿಸುವುದಿಲ್ಲ, ಕೈ ಎತ್ತುವುದಿಲ್ಲ, ‘ಮೇಡಂ’ ಅನ್ನದೆ ಮಾತಾಡುವುದಿಲ್ಲ. ಇಷ್ಟು ಸಭ್ಯವಾದ ಹಿಂಸೆಯನ್ನು ತಾವು ತಮಾಷೆ ಎಂದು ಕರೆದರೆ ಆಶ್ಚರ್ಯವೇನು?

ಅಧಿಕಾರಿಗಳು ನಮ್ಮ ಕಾರ್ಖಾನೆಗೆ ಫೋನ್ ಮಾಡಿದರು. ಫಲ ಬೇಗ ಸಿಕ್ಕಿತು. ಬೆಲ್ಟಿಗೆ ಹೊಸ ಮುಚ್ಚಳ ಬಂತು, ನನಗೆ ಹೊಸ ಜಾಗ ಬಂತು. “ನಿಮಗೆ ನೆಮ್ಮದಿ ಇರಲಿ ಅಂತ” ಎಂದು ನನ್ನನ್ನು ಹಿತ್ತಲಿನ ಖಾಲಿ ಚೀಲಗಳ ಶೆಡ್ಡಿಗೆ ಹಾಕಿದರು. ನೆಮ್ಮದಿಯೇನೋ ಬೇಕಾದಷ್ಟಿದೆ, ಮಾತಾಡಲು ಒಂದು ನರಪಿಳ್ಳೆಯಿಲ್ಲ. ಕೆಲಸ ಬಿಡು ಎಂದು ಯಾರೂ ಹೇಳಿಲ್ಲ. ನಾನೂ ಬಿಟ್ಟಿಲ್ಲ.

ನನ್ನ ಕೇಳಿಕೆ ದೊಡ್ಡದಲ್ಲ. ಕೆಲಸದ ಜಾಗದಲ್ಲಿ ಪದೇ ಪದೇ ಅವಮಾನಿಸುವುದು ತಪ್ಪು ಎಂದು ಕಾಯ್ದೆಯಲ್ಲಿ ಬರೆಯಿರಿ, ಹೆಂಗಸಿಗೂ ಗಂಡಸಿಗೂ ಒಂದೇ ಹಾಗೆ. ದೂರು ಕೇಳಲು ಕಾರ್ಖಾನೆಯ ಹಂಗಿಲ್ಲದವರನ್ನು ಕೂರಿಸಿ. ವಿಚಾರಣೆ ಮುಗಿಯುವ ತನಕ ದೂರು ಕೊಟ್ಟವರನ್ನು ಎತ್ತಂಗಡಿ ಮಾಡಬೇಡಿ.

ಮೊನ್ನೆ ಊಟದ ಹೊತ್ತಿಗೆ ಬಾಯ್ಲರ್ ನೋಡಿಕೊಳ್ಳುವ ಕುಮಾರಣ್ಣ ನನ್ನ ಶೆಡ್ಡಿಗೆ ಬಂದರು. ಗಿರಿಜಾ ಮೀಸೆಯ ಆಳು, ಮಾತು ಕೊಂಚ ತೊದಲುತ್ತದೆ. ಈಗ ಬೆಳಗಿನ ಸಾಲಿನಲ್ಲಿ ಮುಂದೆ ನಿಲ್ಲುವ ಸರದಿ ಅವರದಂತೆ. ಚೀಲಗಳ ಮೇಲೆ ಕೂತು, ಮುಖ ಆ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಅತ್ತರು. ಆಮೇಲೆ, “ನೀ ಓಗಿದ್ಯಲ್ಲ ಚೈತ್ರಾ... ನಾ ಎ... ಎಲ್ಲಿಗೋಗಿ ಯೋಳ್ಲವ್ವ?” ಎಂದು ಕೇಳಿದರು.

ಎಲ್ಲಿಗೆಂದು ನಾನಿನ್ನೂ ಅವರಿಗೆ ಹೇಳಿಲ್ಲ. ವಿಳಾಸ ತಮ್ಮಿಂದ ಬರಬೇಕು.

ಇಂತಿ, ಸಂಬಳ ಸರಿಯಾಗಿ ಪಡೆಯುತ್ತಿರುವ, ಯಾರಿಂದಲೂ ಪೆಟ್ಟು ತಿನ್ನದ, ಆದ್ದರಿಂದ ತಮ್ಮ ಲೆಕ್ಕದಲ್ಲಿ ಸುಖವಾಗಿರುವ
ಚೈತ್ರ
ಖಾಲಿ ಚೀಲಗಳ ಶೆಡ್ಡು, ನಂಜನಗೂಡು