ಪೂನಮಳಿಗೊಂದು ಪ್ರವಾಸದ ಪುಸ್ತಕ

ವಿಶ್ರಾಮಬಾಗ, ಸಾಂಗ್ಲಿ
೧೮ ಫೆಬ್ರವರಿ ೨೦೨೫

ಅವ್ವಿ ಕಾಂಚನ,

ಅಷ್ಟು ದೂರದ ಊರಿಗೆ ಈ ಪತ್ರ ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ. ಮುಟ್ಟಿದ ದಿನ ನೀವೆಲ್ಲ ಆರಾಮ ಇರಿ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುವವಳು ಈಗ ಯಾಕೆ ಕಾಗದ ಹಿಡಿದಳು ಎನ್ನಬೇಡ. ಫೋನಿನಲ್ಲಿ ಕೇಳಿದರೆ ನೀನು ನಿಂತ ಕಾಲ ಮೇಲೆ ಉತ್ತರ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಬರೆಯಲು ಕಾರಣ ನಿನಗೆ ಗೊತ್ತೇ ಇದೆ. ನಿಮ್ಮಪ್ಪನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಿನಗೆ ನಾನೇ ಕಲಿಸಿದ ಅಕ್ಷರ, ನಿಧಾನವಾಗಿ ಓದು. ಈಗಷ್ಟೇ ಅವರು ಬಾಗಿಲಲ್ಲಿ ನಿಂತು, “ಏನ ಬರ್ಯಾಕತ್ತೀ?” ಎಂದರು. ಪೂನಮಳಿಗೆ ಉಪ್ಪಿನಕಾಯಿ ಹಾಕುವುದನ್ನು ಬರೆದುಕೊಡುತ್ತಿದ್ದೇನೆ ಎಂದೆ.

ಪೂನಮ ಅಂದರೆ ನಮ್ಮ ಮೇಲಿನ ಮನೆಗೆ ಹೊಸದಾಗಿ ಬಂದ ಹುಡುಗಿ. ಜೂನ್ ತಿಂಗಳಲ್ಲಿ ಹಿಮದ ಬೆಟ್ಟಗಳ ನಡುವಿನ ನಿಮ್ಮ ಸ್ಪಿತಿಯ ಕಡೆ ಹೊರಟಿದ್ದಾಳೆ. ಟಿಬೆಟಿನವರ ಗುಡಿ, ಮಠ ನೋಡುವ ಹುಚ್ಚು. ಯಾವ ಪುಸ್ತಕ ಕೊಳ್ಳಲಿ ಮಾವಶಿ ಎಂದು ಗಂಟುಬಿದ್ದಳು. ನಿನ್ನನ್ನು ಕೇಳಿ ಹೇಳುತ್ತೇನೆ ಎಂದೆ.

ಅವಳಿಗೆ ಬಿಡುವಿಲ್ಲವೆಂದು ಸಾಂಗ್ಲಿ ಪೇಟೆಯ ಪುಸ್ತಕದಂಗಡಿಗೆ ನಾನೇ ರಿಕ್ಷಾದಲ್ಲಿ ಹೋಗಿ ಬಂದೆ. ಅಂಗಡಿಯ ಹುಡುಗ ಗೌರವ ಮೂರು ಪುಸ್ತಕ ಮುಂದಿಟ್ಟ. ಮೊದಲನೆಯದು ಮರಾಠಿ, ಬಣ್ಣದ ಚಿತ್ರಗಳು ಬೇಕಾದಷ್ಟಿವೆ. ಆದರೆ ನಿಮ್ಮ ಊರಿನ ಹೆಸರೇ ಇಲ್ಲ. ಚಾಳೀಸು ಒರೆಸಿಕೊಂಡು ನಕಾಶೆಯಲ್ಲೂ ಹುಡುಕಿದೆ, ಇಲ್ಲ. ಎರಡನೆಯದೂ ಮರಾಠಿ, ಅದರಲ್ಲಿ ಹೆಸರಿದೆ. ಬಸ್ಸು ಅಲ್ಲಿ ಚಹಾಕ್ಕೆಂದು ಅರ್ಧ ತಾಸು ನಿಲ್ಲುತ್ತದೆ, ನೋಡುವಂಥದ್ದು ಏನೂ ಇಲ್ಲ ಎಂದು ಬರೆದಿದ್ದಾನೆ. ನನ್ನ ಮಗಳು ಆರು ವರ್ಷದಿಂದ ಬಾಳುವೆ ಮಾಡುತ್ತಿರುವ ಊರಲ್ಲಿ ನೋಡುವಂಥದ್ದು ಏನೂ ಇಲ್ಲವಂತೆ. ಆ ಮನುಷ್ಯ ಎದುರಿಗಿದ್ದಿದ್ದರೆ ಸರಿಯಾಗಿ ಮಂಗಳಾರತಿ ಮಾಡುತ್ತಿದ್ದೆ.

ಮೂರನೆಯದು ಇಂಗ್ಲಿಷ್, ಇಟ್ಟಿಗೆಯಷ್ಟು ದಪ್ಪ. ಗೌರವ ಓದಿ ಅರ್ಥ ಹೇಳಿದ. ಎತ್ತರದ ಗಾಳಿ ಒಗ್ಗಬೇಕಾದರೆ ಬಂದವರು ನಿಮ್ಮೂರಲ್ಲಿ ಒಂದೆರಡು ರಾತ್ರಿ ಉಳಿಯಲೇಬೇಕಂತೆ. ಮನೆಯವರೇ ಕೋಣೆ ಕೊಟ್ಟು, ಒಲೆಯ ಹತ್ತಿರ ಕೂರಿಸಿಕೊಂಡು ಉಣಿಸುತ್ತಾರಂತೆ. ಅದೇ ಪುಟವನ್ನು ಮತ್ತೆ ಓದಿಸಿದೆ. ಹೋಗುವವರು ಯಾರು ಎಂದು ಅವನು ಕೇಳಿದ. ಪೂನಮ ಎಂದೆ.

ಆ ಪುಟ ಕೇಳುತ್ತ ನಮ್ಮ ಮನೆಯ ಬಾಗಿಲು ನೆನಪಾಯಿತು, ಕಾಂಚನ. ನೀನು ನವಾಂಗನನ್ನು ಮದುವೆಯಾದ ದಿನ, ಸ್ವೆಟರ್ ಮಾರುವವರ ಮನೆಗೆ ಮಗಳು ಹೋದರೆ ಅರಿಷಿಣ ಪೇಟೆಯ ವ್ಯಾಪಾರಸ್ಥರ ನಡುವೆ ಹೇಗೆ ತಲೆ ಎತ್ತಲಿ ಎಂದು ನಿಮ್ಮಪ್ಪ ಬಾಗಿಲು ಹಾಕಿದರು. ನಾನೂ ಒಳಗೇ ಉಳಿದೆ. ಆಮೇಲೆ ಪ್ರತಿ ಚಳಿಗಾಲ ನಿನ್ನ ಅತ್ತೆ ಇಲ್ಲಿಗೆ ಬಂದು ಅಂಗಡಿ ಹಚ್ಚಿದಾಗ, ಬೇಡದ ಸ್ವೆಟರ್ ಕೊಂಡು ನಿನ್ನ ಸುದ್ದಿ ತರುತ್ತಿದ್ದೆ. ಸಾಂಗ್ಲಿಯ ಚಳಿಗೆ ಅಷ್ಟು ಸ್ವೆಟರ್ ಯಾರಿಗೆ ಬೇಕು? ಈ ಸಲ ಅವರು ಮೊಬೈಲಿನಲ್ಲಿ ಒಂದು ಕೂಸಿನ ಫೋಟೊ ತೋರಿಸಿ, ನಿಮ್ಮ ಮೊಮ್ಮಗಳು ಎಂದರು. ನೀನು ಹೇಳಲಿಲ್ಲವೆಂದು ಮೊದಲು ಸಿಟ್ಟು ಬಂತು. ರಿಕ್ಷಾದಲ್ಲಿ ಕುಳಿತ ಮೇಲೆ, ನಾನೂ ಏನನ್ನೂ ಕೇಳಿರಲಿಲ್ಲವಲ್ಲ ಎಂಬುದು ಹೊಳೆಯಿತು. ಊಟ ಆತೇನು, ಥಂಡಿ ಭಾಳ ಐತೇನು ಎನ್ನುವುದರಲ್ಲೇ ಇಷ್ಟು ವರ್ಷ ಕಳೆದೆ.

ಇರಲಿ. ಪೂನಮಳ ಪ್ರಶ್ನೆಗಳು ಇನ್ನೂ ಇವೆ. ಮೊಣಕಾಲು ನೋವಿನವರು ನಿಮ್ಮೂರಿನ ಏರು ಹತ್ತಬಹುದೇ? (ಅವಳಿಗಿನ್ನೂ ಮೂವತ್ತು ತುಂಬಿಲ್ಲ, ಆದರೂ ಕೇಳಿದಳು.) ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ನಿಮ್ಮಲ್ಲಿ ಯಾರಾದರೂ ತಿನ್ನುತ್ತಾರೆಯೇ? ಅಲ್ಲಿನ ಸಣ್ಣ ಕೂಸುಗಳು ಹೊಸಬರನ್ನು ಕಂಡರೆ ಅಳುತ್ತವೆಯೇ?

ಅವಸರವಿಲ್ಲ, ಯೋಚಿಸಿ ಬರೆ. ಯಾವ ಪುಸ್ತಕ ಎಂದಷ್ಟೇ ಬರೆದರೂ ಆದೀತು.

ನಿನ್ನ ಅವ್ವ,
ಸಂಗವ್ವ

ತಾ.ಕ.: ಪೂನಮ ಎಲ್ಲಿಗೂ ಹೋಗುತ್ತಿಲ್ಲ. ಹೊರಟವಳು ನಾನು. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಬರಬೇಡ ಎಂದು ಬರೆಯಲು ನಿನಗೆ ಕೈ ಬಾರದಿದ್ದರೆ, ಮೊದಲನೆಯ ಪುಸ್ತಕ ಎಂದು ಬರೆ, ನಾನು ತಿಳಿದುಕೊಳ್ಳುತ್ತೇನೆ. ರಾತ್ರಿ ಉಳಿಸಿಕೊಳ್ಳುವ ಆ ಮೂರನೆಯದನ್ನು ಕೇಳುವ ಮುಖ ನನಗಿಲ್ಲ. ಎರಡನೆಯದು ಎಂದರೂ ಸಾಕು. ಎಲ್ಲರೂ ಚಹಾ ಕುಡಿಯುವಷ್ಟರಲ್ಲಿ ಕೂಸನ್ನು ಒಮ್ಮೆ ಎತ್ತಿಕೊಂಡು, ಅದೇ ಬಸ್ಸು ಹತ್ತುತ್ತೇನೆ.