ಅಕ್ಕ ಹಾರಿಸಿದ ಅಧ್ಯಾಯ

ಅಕ್ಕಾ,

ಕೆಮ್ಮು ಬಿಟ್ಟಿದೆ, ಚಿಂತೆ ಬೇಡ. ಇಲ್ಲಿಯ ಭಾಷೆ ತಲೆಗೆ ಹತ್ತದೆ ತರಗತಿಯನ್ನೇ ಬಿಟ್ಟಿದ್ದೆ. ಹೋದ ತಿಂಗಳು ಗ್ರಂಥಾಲಯದಲ್ಲಿ, ನಾನು ನಿನ್ನ ಜಡೆ ಹೆಣೆಯುವಾಗ ನೀನು ಓದಿ ಹೇಳುತ್ತಿದ್ದ ಆ ಅನುವಾದದ ಕಾದಂಬರಿಯ ಮೂಲ, ಇಲ್ಲಿಯ ಭಾಷೆಯದೇ, ಸಿಕ್ಕಿತು. ಅದಕ್ಕಾಗಿಯೇ ಮತ್ತೆ ತರಗತಿಗೆ ಹೋಗುತ್ತಿದ್ದೇನೆ. ದಿನಕ್ಕೆ ಅರ್ಧ ಪುಟ ಸಾಗುತ್ತದೆ. ಲಾಂಡ್ರಿಯಲ್ಲಿ ನನ್ನ ಜೊತೆ ಇಸ್ತ್ರಿ ಮಾಡುವಾಕೆ, “ಏನೇ, ನಿನ್ನ ಪುಸ್ತಕದ ಮುದುಕ ಇನ್ನೂ ಮೆಟ್ಟಿಲು ಹತ್ತಿ ಮುಗಿಸಲಿಲ್ವಾ?” ಎಂದು ದಿನವೂ ಕೇಳುತ್ತಾಳೆ.

ಅಮ್ಮ ತೀರಿಕೊಂಡ ವರ್ಷ ನೀನು “ಇದು ನಿಂಗೆ ಬೇಡ ಬಿಡು” ಎಂದು ಹಾರಿಸಿದ ಅಧ್ಯಾಯಕ್ಕೆ ಇನ್ನು ಹನ್ನೊಂದು ಪುಟ. ನಮ್ಮ ಕನ್ನಡ ಪ್ರತಿ ಕಳಿಸೆಂದು ಬರೆದಿದ್ದೆನಲ್ಲ, ಕಳಿಸಬೇಡ. ಅದು ಕೈಗೆ ಬಂದರೆ ಇದನ್ನು ಮುಟ್ಟುವುದಿಲ್ಲ. ನಾನು ಬಂದಾಗ ನನ್ನ ಜಡೆ ನೀನು ಹೆಣೆ. ಆ ಅಧ್ಯಾಯ ನಾನು ಓದಿ ಹೇಳುತ್ತೇನೆ.

ಹಾಳೆಯಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ